ಹಳೆಯ ಕಾರಿನ ಹೊಳಪು: ಕೋಲಾ, ಟೂತ್‌ಪೇಸ್ಟ್ ಮತ್ತು ಆ್ಯಸಿಡ್ ನಿಜಕ್ಕೂ ಏನು ಮಾಡುತ್ತವೆ?

ಆಯುಧಪೂಜೆಯ ಹಿಂದಿನ ದಿನ ಮನೆಮನೆಯ ಮುಂದೆ ಬಕೆಟ್ಟು, ಬಟ್ಟೆ ಹಿಡಿದು ವಾಹನ ತೊಳೆಯುವವರನ್ನು ನೀವು ನೋಡಿರುತ್ತೀರಿ. ಆ ವಾಹನ ಹಳೆಯ ಅಂಬಾಸಿಡರ್ ಅಥವಾ ಪದ್ಮಿನಿ ಆಗಿದ್ದರೆ ಕೆಲಸ ಇನ್ನೂ ಜೋರು. ಬಂಪರ್, ಗ್ರಿಲ್, ಹೆಡ್‌ಲೈಟಿನ ಸುತ್ತಿನ ಬಳೆ, ಬಾಗಿಲಿನ ಹಿಡಿ, ಚಕ್ರದ ಕಪ್, ಪಕ್ಕದಲ್ಲಿ ಉದ್ದಕ್ಕೆ ಓಡುವ ಬೀಡಿಂಗ್ ಪಟ್ಟಿ ಎಲ್ಲವೂ ಹೊಳೆಯಬೇಕು. ಹೊಳಪು ಬರಿಸುವ ಉಪಾಯಗಳಿಗೂ ಬರವಿಲ್ಲ. ಒಬ್ಬರು ಕೋಲಾ ಹಾಕಿ ಫಾಯಿಲ್‌ನಿಂದ ಉಜ್ಜಿ ಎನ್ನುತ್ತಾರೆ, ಇನ್ನೊಬ್ಬರು ಟೂತ್‌ಪೇಸ್ಟ್ ಸಾಕು ಎನ್ನುತ್ತಾರೆ. ಹುಣಸೆಹಣ್ಣು ಎನ್ನುವವರೂ ಇದ್ದಾರೆ, ಬಾತ್‌ರೂಮ್ ತೊಳೆಯುವ ಆ್ಯಸಿಡ್ ಎನ್ನುವವರೂ ಇದ್ದಾರೆ.

ಈ ಕೊನೆಯ ಉಪಾಯವನ್ನು ನಾವು ಹುಡುಗರಾಗಿದ್ದಾಗ ಮಾಡಿಯೇ ನೋಡಿದ್ದೆವು. ಸೋದರಮಾವನ ಪದ್ಮಿನಿಯ ಚಕ್ರದ ಕಪ್ಪುಗಳ ಮೇಲೆ ಕಂದು ಚುಕ್ಕೆಗಳಿದ್ದವು. ಮಾವ ಪೇಟೆಗೆ ಹೋಗಿದ್ದ ಸಮಯ ನೋಡಿ ಅವಕ್ಕೆ ಆ್ಯಸಿಡ್ ಸುರಿದೆವು. ಚುಕ್ಕೆಗಳು ಮಾಯವಾದವು. ನಮಗೆ ಖುಷಿಯೋ ಖುಷಿ. ಒಣಗಿದ ಮೇಲೆ ನೋಡಿದರೆ ನೀಲಿ ಛಾಯೆಯ ಕನ್ನಡಿ ಹೊಳಪಿನ ಜಾಗದಲ್ಲಿ ಹಳದಿ ಮಿಶ್ರಿತ ಮಂಕು ಬಣ್ಣ. ಕೆಲವೇ ವಾರಗಳಲ್ಲಿ ಮೊದಲಿಗಿಂತ ಹೆಚ್ಚು ತುಕ್ಕು. ಮಾವ ಬೈಯಲಿಲ್ಲ. "ಹೊಳಪು ಬರಲಿ ಅಂತ ಹೋಗಿ, ಇದ್ದದ್ದನ್ನೂ ತೊಳೆದುಬಿಟ್ಟಿರಲ್ರೋ" ಎಂದರು ಅಷ್ಟೇ.

ಅಂದು ನಿಜವಾಗಿ ಆದದ್ದೇನು? ಮನೆಮದ್ದುಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಹೊಸದಾಗಿ ಕ್ರೋಮ್ ಹಾಕಿಸುವುದಾದರೆ ಅದರ ಹಿಂದೆ ಯಾರ ಆರೋಗ್ಯ ಅಡಗಿದೆ? ಒಂದೊಂದಾಗಿ ನೋಡೋಣ.

ಬೆಳ್ಳಗೆ ಹೊಳೆಯುವುದೆಲ್ಲ ಕ್ರೋಮ್ ಅಲ್ಲ

ಹಳೆಯ ಕಾರಿನ ಮೇಲೆ ಬೆಳ್ಳಗೆ ಕಾಣುವ ಎಲ್ಲವನ್ನೂ ನಾವು "ಕ್ರೋಮ್" ಎಂದು ಕರೆಯುತ್ತೇವೆ. ವಾಸ್ತವದಲ್ಲಿ ಅಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ವಸ್ತುಗಳಿರುತ್ತವೆ.

ಮೊದಲನೆಯದು ಕ್ರೋಮ್ ಲೇಪಿಸಿದ ಉಕ್ಕು. ಬಂಪರುಗಳು ಹೆಚ್ಚಾಗಿ ಇದೇ. ಎರಡನೆಯದು ಕ್ರೋಮ್ ಲೇಪಿಸಿದ ಸತುವಿನ ಎರಕ. ಬಾಗಿಲಿನ ಹಿಡಿ, ಹೆಸರಿನ ಅಕ್ಷರಗಳು, ಲಾಂಛನ, ದೀಪದ ಚೌಕಟ್ಟು ಮುಂತಾದ ನುಣುಪಾದ ತಿರುವುಗಳಿರುವ ಸಣ್ಣ ಭಾಗಗಳನ್ನು ಹೀಗೆ ಅಚ್ಚು ಹೊಯ್ದು ಮಾಡುತ್ತಿದ್ದರು. ಮೂರನೆಯದು ಸ್ಟೇನ್‌ಲೆಸ್ ಸ್ಟೀಲ್. ಇದಕ್ಕೆ ಲೇಪವೇ ಇಲ್ಲ, ಮೇಲಿನಿಂದ ಕೆಳಗಿನವರೆಗೂ ಒಂದೇ ಲೋಹ. ನಾಲ್ಕನೆಯದು ಅನೋಡೈಸ್ ಮಾಡಿದ ಅಲ್ಯೂಮಿನಿಯಂ. ಇದರ ಮೇಲೆ ವಿದ್ಯುತ್ತಿನ ನೆರವಿನಿಂದ ಬೆಳೆಸಿದ ಗಟ್ಟಿಯಾದ ಪಾರದರ್ಶಕ ಆಕ್ಸೈಡ್ ಪದರ ಇರುತ್ತದೆ.

ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಬಹುದು. ಹಾಗಾಗಿ ಉಜ್ಜುವ ಮೊದಲು ಗುರುತಿಸಬೇಕು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಆಯಸ್ಕಾಂತ, ಒಂದು ಸಾಧಾರಣ ಮಲ್ಟಿಮೀಟರ್ ಸಾಕು.

ಆಯಸ್ಕಾಂತ ಬಲವಾಗಿ ಅಂಟಿದರೆ ಒಳಗೆ ಉಕ್ಕಿದೆ ಎಂದರ್ಥ. ಅಂಟದೆ, ಭಾಗ ಕೈಗೆ ತುಂಬ ಹಗುರವಾಗಿದ್ದರೆ ಅದು ಅಲ್ಯೂಮಿನಿಯಂ ಇರಬಹುದು. ಅಂಟದೆ ಭಾರವಾಗಿದ್ದು, ಮೇಲ್ಮೈಯಲ್ಲಿ ಸಣ್ಣ ಸಣ್ಣ ಬೊಕ್ಕೆಗಳೆದ್ದಿದ್ದರೆ ಸತುವಿನ ಎರಕ. ಅನೋಡೈಸ್ ಪದರ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಆದ್ದರಿಂದ ಮಲ್ಟಿಮೀಟರಿನ ಎರಡು ಮೊನೆಗಳನ್ನು ಒತ್ತದೆ ಹಗುರವಾಗಿ ಇಟ್ಟಾಗ ಬೀಪ್ ಶಬ್ದ ಬಾರದಿದ್ದರೆ ಆ ಪದರ ಇನ್ನೂ ಉಳಿದಿದೆ ಎಂದು ತಿಳಿಯಬಹುದು.

ಇಲ್ಲೊಂದು ಹಳೆಯ ನಂಬಿಕೆ ಅಡ್ಡ ಬರುತ್ತದೆ. ಆಯಸ್ಕಾಂತ ಅಂಟಿದರೆ ಅದು ಅಸಲಿ ಸ್ಟೇನ್‌ಲೆಸ್ ಅಲ್ಲ ಎಂಬುದು. ಪಾತ್ರೆ ಅಂಗಡಿಯಲ್ಲೂ ಈ ಮಾತು ಕೇಳಿರುತ್ತೀರಿ. ಇದು ಪೂರ್ತಿ ನಿಜವಲ್ಲ. ಸ್ಟೇನ್‌ಲೆಸ್ ಎನಿಸಿಕೊಳ್ಳಲು ಉಕ್ಕಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರಬೇಕು, ಅಷ್ಟೇ. ಶೇ. 18ರಷ್ಟು ಕ್ರೋಮಿಯಂ, ಶೇ. 8ರಷ್ಟು ನಿಕ್ಕಲ್ ಇರುವ 304 ಎಂಬ ಬಗೆಗೆ ಆಯಸ್ಕಾಂತ ಅಂಟುವುದಿಲ್ಲ. ನಿಕ್ಕಲ್ ಬೆರೆಸದ 430 ಎಂಬ ಬಗೆಗೆ ಚೆನ್ನಾಗಿಯೇ ಅಂಟುತ್ತದೆ. ಎರಡೂ ಸ್ಟೇನ್‌ಲೆಸ್ಸೇ. ಕಾರಿನ ಅಲಂಕಾರದ ಪಟ್ಟಿಗಳಿಗೆ 430ರಂಥ ಬಗೆಗಳನ್ನು ಬಳಸುವುದು ಸಾಮಾನ್ಯ. ಹಾಗಾಗಿ ಆಯಸ್ಕಾಂತ ಅಂಟಿದ ಪಟ್ಟಿಯ ಹಿಂಬದಿಯನ್ನೂ ನೋಡಿ. ಲೇಪದ ಉಕ್ಕಾದರೆ ಹಿಂಬದಿಯಲ್ಲಿ ತುಕ್ಕೋ, ಲೇಪ ಮುಗಿಯುವ ಗೆರೆಯೋ ಕಾಣುತ್ತದೆ. ಸ್ಟೇನ್‌ಲೆಸ್ ಆದರೆ ಹಿಂದೆಯೂ ಮುಂದೆಯೂ ಒಂದೇ ಬಣ್ಣ.

ಕೂದಲಿನ 300ರಲ್ಲಿ ಒಂದು ಪಾಲು

ಕ್ರೋಮಿಯಂ ಲೋಹವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೊಕ್ಲೆಂ ಗುರುತಿಸಿದ್ದು 1797ರಲ್ಲಿ. ಅದರ ಸಂಯುಕ್ತಗಳು ಬಗೆಬಗೆಯ ಬಣ್ಣಗಳಲ್ಲಿ ಇರುವುದರಿಂದ, ಬಣ್ಣ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಹೆಸರು ಬಂತು. ವಾಹನಗಳ ಮೇಲೆ ಅದು ಹೊಳೆಯತೊಡಗಿದ್ದು ಮಾತ್ರ 1920ರ ದಶಕದಲ್ಲಿ, ವಿದ್ಯುತ್ ಲೇಪನದ ವಿಧಾನ ಕಾರ್ಖಾನೆಗೆ ಒಗ್ಗುವಂತಾದ ಮೇಲೆ. ಅದಕ್ಕೂ ಹಿಂದಿನ ಕಾರುಗಳಲ್ಲಿ ಹಿತ್ತಾಳೆಯ ದೀಪಗಳು, ಆಮೇಲೆ ನಿಕ್ಕಲ್ ಲೇಪ ಇರುತ್ತಿದ್ದವು.

ಬಂಪರಿನ ಲೇಪ ಎಷ್ಟು ದಪ್ಪ ಇರಬಹುದು ಎಂದು ಕೇಳಿದರೆ ಹೆಚ್ಚಿನವರು ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಎನ್ನುತ್ತಾರೆ. ವಾಸ್ತವ ಬೇರೆ. ಉಕ್ಕಿನ ಮೇಲೆ ಮೊದಲು ನಿಕ್ಕಲ್ ಪದರ ಕೂರಿಸುತ್ತಾರೆ, ಕೆಲವೊಮ್ಮೆ ಅದಕ್ಕೂ ಕೆಳಗೆ ತಾಮ್ರದ ಪದರ ಇರುತ್ತದೆ. ನಿಕ್ಕಲ್ ಪದರದ ದಪ್ಪ ಸಾಮಾನ್ಯವಾಗಿ 10ರಿಂದ 40 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಇದರ ಮೇಲೆ ಕೂರುವ ಕ್ರೋಮ್ ಪದರದ ದಪ್ಪ 0.1ರಿಂದ 0.5 ಮೈಕ್ರಾನ್ ಮಾತ್ರ! ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ ಎಂದುಕೊಂಡರೆ, ಕಾಲು ಮೈಕ್ರಾನಿನ ಕ್ರೋಮ್ ಪದರ ಅದರ ಸುಮಾರು 300ರಲ್ಲಿ ಒಂದು ಪಾಲಿನಷ್ಟು ಮಾತ್ರ.

ಅಂದರೆ ನಾವು ಕ್ರೋಮ್ ಹೊಳಪು ಎನ್ನುವುದು ಬಹುಪಾಲು ಕೆಳಗಿನ ನಿಕ್ಕಲಿನ ಹೊಳಪೇ. ಕ್ರೋಮ್ ಅದಕ್ಕೆ ನೀಲಿ ಛಾಯೆ ಕೊಡುತ್ತದೆ, ಜೊತೆಗೆ ಕಾವಲು ಕಾಯುತ್ತದೆ. ಗಾಳಿ ತಾಕಿದ ಕೂಡಲೇ ಕ್ರೋಮಿಯಂ ಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಹುಟ್ಟಿಕೊಳ್ಳುತ್ತದೆ. ಅದು ಗಟ್ಟಿ, ಪಾರದರ್ಶಕ. ಗೀರು ಬಿದ್ದರೂ ಮತ್ತೆ ತಾನೇ ಬೆಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದಿರುವ ಗುಟ್ಟೂ ಇದೇ ಪೊರೆ.

ಇದರಿಂದ ಒಂದು ಸುಲಭ ಪರೀಕ್ಷೆಯೂ ಸಿಗುತ್ತದೆ. ಹಗಲು ಬೆಳಕಿನಲ್ಲಿ ಬಂಪರ್ ನೋಡಿ. ತೆಳು ನೀಲಿ ಛಾಯೆ ಇದ್ದರೆ ಕ್ರೋಮ್ ಇದೆ. ಪದೇ ಪದೇ ಉಜ್ಜಿದ ಅಂಚುಗಳಲ್ಲಿ ಹಳದಿ ಛಾಯೆ ಕಂಡರೆ ಅಲ್ಲಿ ಕ್ರೋಮ್ ಸವೆದು ನಿಕ್ಕಲ್ ಹೊರಬಂದಿದೆ. ಮಾವನ ಕಾರಿನಲ್ಲಿ ನಾವು ಕಂಡ ಹಳದಿ ಇದೇ.

ಕ್ರೋಮ್‌ಗೆ ತುಕ್ಕು ಹಿಡಿಯುತ್ತದೆಯೇ?

ಇಲ್ಲ. ಕಂದು ತುಕ್ಕು ಎಂದರೆ ಕಬ್ಬಿಣದ ಆಕ್ಸೈಡ್. ಕ್ರೋಮಿಯಮ್ಮಿನಲ್ಲಿ ಕಬ್ಬಿಣವೇ ಇಲ್ಲ. ಹಾಗಾದರೆ ಕ್ರೋಮ್ ಮೇಲೆ ಕಾಣುವ ಕಂದು ಚುಕ್ಕೆ ಎಲ್ಲಿಂದ ಬಂತು?

ಕೆಳಗಿನಿಂದ. ಇಷ್ಟು ತೆಳುವಾದ ಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು, ಸೂಜಿಮೊನೆಯಂಥ ರಂಧ್ರಗಳು ಇದ್ದೇ ಇರುತ್ತವೆ. ನಿಕ್ಕಲ್ ಪದರದಲ್ಲೂ ಒಂದು ರಂಧ್ರ ಅದಕ್ಕೆ ಕೂಡಿಬಂದರೆ ನೀರು ಉಕ್ಕನ್ನು ಮುಟ್ಟುತ್ತದೆ. ಅಲ್ಲಿ ಒಂದು ಪುಟ್ಟ ಬ್ಯಾಟರಿ ಹುಟ್ಟಿಕೊಳ್ಳುತ್ತದೆ. ಎರಡು ಲೋಹಗಳು ಒಂದೇ ನೀರಿನಲ್ಲಿ ನೆನೆದಾಗ ಸುಲಭವಾಗಿ ಕರಗುವ ಲೋಹ ಕರಗಿ ಇನ್ನೊಂದನ್ನು ಉಳಿಸುತ್ತದೆ. ನಿಕ್ಕಲ್ ಮತ್ತು ಉಕ್ಕಿನ ನಡುವೆ ಕರಗುವ ಪಾಲು ಉಕ್ಕಿನದು. ಸುತ್ತಲಿನ ಲೇಪದ ಹರವು ದೊಡ್ಡದು, ತೆರೆದುಕೊಂಡ ಉಕ್ಕು ಒಂದೇ ಚುಕ್ಕೆ. ಹಾಗಾಗಿ ಸವೆತವೆಲ್ಲ ಆ ಒಂದು ಚುಕ್ಕೆಯ ಮೇಲೆ ಬಂದು ಬೀಳುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೆಳಗಿನಿಂದ ಉಬ್ಬಿ ಲೇಪವನ್ನೇ ಎಬ್ಬಿಸುತ್ತದೆ.

ಕರಾವಳಿಯಲ್ಲಿ ಈ ಕೆಲಸ ಬೇಗ ಆಗುತ್ತದೆ. ಉಪ್ಪಿನ ಗಾಳಿಯಲ್ಲಿರುವ ಕ್ಲೋರೈಡ್ ಆ ಕಾವಲು ಪೊರೆಯನ್ನು ಒಡೆಯುತ್ತದೆ, ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವಂತೆಯೂ ಮಾಡುತ್ತದೆ. ಒಣಹವೆಯ ಊರಿನಲ್ಲಿ ದಶಕಗಳ ಕಾಲ ಚೆನ್ನಾಗಿದ್ದ ಬಂಪರ್ ಕಡಲತೀರದಲ್ಲಿ ಕೆಲವೇ ಮಳೆಗಾಲಗಳಲ್ಲಿ ಚುಕ್ಕೆಗಟ್ಟುವುದು ಇದರಿಂದಲೇ.

ಇಲ್ಲಿಂದ ಹೊರಡುವ ತೀರ್ಮಾನ ಮುಖ್ಯವಾದದ್ದು. ಕಂದು ಕಲೆಯನ್ನು ಒರೆಸಬಹುದು, ರಂಧ್ರವನ್ನು ಒರೆಸಲಾಗದು. ಯಾವ ಪಾಲಿಶ್ ಕೂಡ ಹೋದ ಕ್ರೋಮನ್ನು ವಾಪಸ್ ತರುವುದಿಲ್ಲ. ಅದು ಉಳಿದದ್ದನ್ನು ಶುಚಿ ಮಾಡಬಲ್ಲದು, ಅಷ್ಟೇ.

ಮನೆಮದ್ದುಗಳ ಪರೀಕ್ಷೆ

ಕೋಲಾ ಮತ್ತು ಫಾಯಿಲ್: ಕೋಲಾದಲ್ಲಿ ಫಾಸ್ಫರಿಕ್ ಆಮ್ಲ ಇರುವುದು ನಿಜ. ಕಬ್ಬಿಣದ ತುಕ್ಕನ್ನು ಈ ಆಮ್ಲ ಕರಗಿಸುವುದೂ ನಿಜ. ಆದರೆ ಅದರ ಪ್ರಮಾಣ ಶೇ. 0.1ಕ್ಕಿಂತಲೂ ಕಡಿಮೆ, ನಾವು ಉಜ್ಜುವುದು ಕೆಲವೇ ನಿಮಿಷ. ಇಲ್ಲಿ ಹೆಚ್ಚಿನ ಕೆಲಸ ಮಾಡುವುದು ಉಂಡೆ ಮಾಡಿದ ಅಲ್ಯೂಮಿನಿಯಂ ಫಾಯಿಲ್. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಕ್ರೋಮಿಯಂ ಸುಮಾರು 8.5, ಅಲ್ಯೂಮಿನಿಯಂ 3ಕ್ಕಿಂತ ಕಡಿಮೆ. ಮೆತ್ತಗಿನ ಫಾಯಿಲ್ ಸಡಿಲವಾದ ತುಕ್ಕನ್ನು ಕೆರೆಯುತ್ತದೆ, ಗಟ್ಟಿ ಕ್ರೋಮ್‌ಗೆ ಗೀರು ಹಾಕುವುದಿಲ್ಲ. ಬೇಕಿದ್ದರೆ ಬಂಪರಿನ ಅರ್ಧ ಭಾಗಕ್ಕೆ ಕೋಲಾ, ಇನ್ನರ್ಧಕ್ಕೆ ಬರೀ ನೀರು ಹಾಕಿ ಫಾಯಿಲ್‌ನಿಂದ ಉಜ್ಜಿ ಹೋಲಿಸಿ ನೋಡಿ. ನೀರಿನಲ್ಲೂ ಕೆಲಸ ನಡೆಯುತ್ತದೆ. ಸಕ್ಕರೆಯ ಜಿಗುಟು ಉಳಿಯುವುದಿಲ್ಲ ಎಂಬುದು ಲಾಭ. ತೀರ್ಪು: ಉಪಾಯ ಅರ್ಧ ಸರಿ, ಕೊಟ್ಟ ಕಾರಣ ಬಹುಪಾಲು ತಪ್ಪು.

ಟೂತ್‌ಪೇಸ್ಟ್: ಅದರಲ್ಲಿರುವ ಸಿಲಿಕಾ ಅಥವಾ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಸೌಮ್ಯವಾದ ಒರಸು ಪುಡಿ. ಹಲ್ಲಿಗೆಂದು ಮಾಡಿದ್ದು, ಲೋಹಕ್ಕಲ್ಲ. ಕ್ರೋಮ್ ಮೇಲಿನ ಕೊಳೆ ತೆಗೆಯುತ್ತದೆ, ದೊಡ್ಡ ಹಾನಿ ಮಾಡುವುದಿಲ್ಲ. ಆದರೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಪುಡಿಯ ಒರಟುತನ ಬೇರೆ. ಮೆತ್ತಗಿನ ಅಲ್ಯೂಮಿನಿಯಂ ಮೇಲೆ ಸಣ್ಣ ಗೀರು ಬೀಳಬಹುದು. ತೀರ್ಪು: ತುರ್ತಿಗೆ ಸರಿ, ಅಭ್ಯಾಸಕ್ಕೆ ಬೇಡ.

ಹುಣಸೆಹಣ್ಣು, ನಿಂಬೆ: ದೇವರ ಮನೆಯ ಹಿತ್ತಾಳೆ ದೀಪ, ತಾಮ್ರದ ತಂಬಿಗೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಹುಣಸೆಯ ಟಾರ್ಟಾರಿಕ್ ಆಮ್ಲ, ನಿಂಬೆಯ ಸಿಟ್ರಿಕ್ ಆಮ್ಲ ಕಪ್ಪಾದ ತಾಮ್ರದ ಆಕ್ಸೈಡನ್ನು ಕರಗಿಸುತ್ತವೆ. ಶತಮಾನದ ಹಿಂದಿನ ಹಿತ್ತಾಳೆ ದೀಪದ ಕಾರು ನಿಮ್ಮಲ್ಲಿದ್ದರೆ ಅಜ್ಜಿಯ ಉಪಾಯ ಅಲ್ಲೂ ನಡೆಯುತ್ತದೆ. ಕ್ರೋಮ್ ಮೇಲೆ ಮಾತ್ರ ಅದಕ್ಕೆ ಮಾಡಲು ಕೆಲಸವೇ ಇಲ್ಲ. ರಂಧ್ರಗಳಲ್ಲಿ ಹುಳಿ ಉಳಿದರೆ ಕೆಳಗಿನ ಉಕ್ಕಿಗೆ, ಸತುವಿಗೆ ಹಾನಿ. ತೀರ್ಪು: ಹಿತ್ತಾಳೆಗೆ ಹೌದು, ಕ್ರೋಮ್‌ಗೆ ಬೇಡ.

ಬಾತ್‌ರೂಮ್ ಆ್ಯಸಿಡ್: ಇದರಲ್ಲಿರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಹಳೆಯ ಕ್ರೋಮನ್ನು ಪೂರ್ತಿಯಾಗಿ ಕಿತ್ತುಹಾಕಲು ಪ್ಲೇಟಿಂಗ್ ಘಟಕಗಳಲ್ಲಿ ಬಳಸುವುದೂ ಇದೇ ಆಮ್ಲವನ್ನು ಎಂದರೆ ಉಳಿದದ್ದನ್ನು ಹೇಳಬೇಕಿಲ್ಲ. ಸತುವಿನ ಎರಕವನ್ನು ಇದು ನೊರೆಯೆಬ್ಬಿಸಿ ತಿನ್ನುತ್ತದೆ, ಸ್ಟೇನ್‌ಲೆಸ್ಸಿನ ಮೇಲೂ ಗುಳಿ ಬೀಳಿಸುತ್ತದೆ. ಇದರ ಜೊತೆ ಬ್ಲೀಚಿಂಗ್ ಪುಡಿ ಸೇರಿದರೆ ಹೊರಬರುವುದು ಕ್ಲೋರಿನ್, ಶ್ವಾಸಕೋಶ ಸುಡುವ ವಿಷಾನಿಲ. ತೀರ್ಪು: ಎಂದಿಗೂ ಬೇಡ.

ಪಾತ್ರೆ ತಿಕ್ಕುವ ಸ್ಟೀಲ್ ನಾರು: ಒರಟು ನಾರು ಬೇಡವೇ ಬೇಡ. ನಾಲ್ಕು ಸೊನ್ನೆಯ ಅತಿ ನಯವಾದ ಉಕ್ಕಿನ ಉಣ್ಣೆಯನ್ನು ಎಣ್ಣೆ ಹಚ್ಚಿ ಹಗುರವಾಗಿ ಬಳಸಿದರೆ ಗಟ್ಟಿ ಕ್ರೋಮ್ ತಾಳಿಕೊಳ್ಳುತ್ತದೆ. ಆದರೆ ಕ್ರೋಮ್ ಸವೆದ ಜಾಗದಲ್ಲಿ ನಿಕ್ಕಲ್ ಮೇಲೆ ಗೀರು ಬೀಳುತ್ತದೆ. ಸ್ಟೇನ್‌ಲೆಸ್ ಪಟ್ಟಿಯ ಮೇಲೆ ಉಳಿದ ಉಕ್ಕಿನ ಚೂರುಗಳು ತಾವೇ ತುಕ್ಕು ಹಿಡಿದು ಪಟ್ಟಿಯ ಮೇಲೆ ಕಲೆ ಬಿಡುತ್ತವೆ. ಸ್ಟೇನ್‌ಲೆಸ್ಸಿಗೂ ತುಕ್ಕು ಬಂತಲ್ಲ ಎಂಬ ಗಾಬರಿಗೆ ಹಲವು ಬಾರಿ ಈ ಚೂರುಗಳೇ ಕಾರಣ. ತೀರ್ಪು: ಹಿತ್ತಾಳೆಯ ನಾರು ಅಥವಾ ಫಾಯಿಲ್ ಮೇಲು.

ನಿಜವಾಗಿ ಪಾಲಿಶ್ ಮಾಡಬಹುದಾದದ್ದು

ಇಲ್ಲೊಂದು ಸಂತೋಷದ ಸುದ್ದಿ ಇದೆ. ಸ್ಟೇನ್‌ಲೆಸ್ ಪಟ್ಟಿಗೆ ಲೇಪವೇ ಇಲ್ಲವಾದ್ದರಿಂದ ಉಜ್ಜಿದಷ್ಟೂ ಒಳಗೆ ಅದೇ ಲೋಹ ಸಿಗುತ್ತದೆ. ನೆಗ್ಗು ಬಿದ್ದ ಪಟ್ಟಿಯನ್ನು ಹಿಂಬದಿಯಿಂದ ಸಣ್ಣ ಸುತ್ತಿಗೆಯಲ್ಲಿ ನಿಧಾನವಾಗಿ ಎಬ್ಬಿಸಿ, ಉಳಿದ ಏರುತಗ್ಗುಗಳನ್ನು ವಾಟರ್ ಪೇಪರಿನಲ್ಲಿ ತೀಡುತ್ತಾರೆ. 400ನೇ ನಂಬರಿನಿಂದ ಹೊರಟು 600, 800, 1000, 1500, 2000 ಎಂದು ಮೆಟ್ಟಿಲು ಮೆಟ್ಟಿಲಾಗಿ ನಯವಾದ ಕಾಗದಕ್ಕೆ ಹೋಗಬೇಕು.

ಈ ಮೆಟ್ಟಿಲುಗಳು ಯಾಕೆ? ಪಾಲಿಶ್ ಎಂದರೆ ಹೊಳಪು ಹಚ್ಚುವುದಲ್ಲ, ಗೀರುಗಳನ್ನು ಚಿಕ್ಕದು ಮಾಡುತ್ತ ಹೋಗುವುದು. ಒಂದೊಂದು ಕಾಗದವೂ ಹಿಂದಿನ ಕಾಗದದ ಗೀರನ್ನು ಅಳಿಸಿ ತನ್ನ ಚಿಕ್ಕ ಗೀರನ್ನು ಬಿಡುತ್ತದೆ. ಗೀರುಗಳು ಬೆಳಕಿನ ಅಲೆಯ ಉದ್ದಕ್ಕಿಂತಲೂ ಕಿರಿದಾದಾಗ ಬೆಳಕು ಚದುರದೆ ನೇರವಾಗಿ ಮರಳುತ್ತದೆ. ನಮಗೆ ಕನ್ನಡಿ ಕಾಣುತ್ತದೆ. ನಡುವೆ ಒಂದು ಮೆಟ್ಟಿಲು ಹಾರಿದರೆ ಹಳೆಯ ಆಳವಾದ ಗೀರು ಹೊಳಪಿನ ನಡುವೆ ಎದ್ದು ಕಾಣುತ್ತದೆ. ಒಂದು ಕಾಗದವನ್ನು ಉದ್ದಕ್ಕೆ, ಮುಂದಿನದನ್ನು ಅಡ್ಡಕ್ಕೆ ಉಜ್ಜಿದರೆ ಹಿಂದಿನ ಗೀರು ಪೂರ್ತಿ ಹೋಯಿತೋ ಇಲ್ಲವೋ ಎಂದು ಸುಲಭವಾಗಿ ತಿಳಿಯುತ್ತದೆ. ಕೊನೆಗೆ ಬಟ್ಟೆಯ ಚಕ್ರದಲ್ಲಿ ಬಫಿಂಗ್.

ಬಫಿಂಗ್ ಚಕ್ರ ಸಾಧು ಪ್ರಾಣಿಯಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಚಕ್ರಕ್ಕೆ ಪಟ್ಟಿಯ ಅಂಚು ಎದುರಾಗಿ ಸಿಕ್ಕಿಕೊಂಡರೆ ಪಟ್ಟಿ ಕತ್ತಿಯಂತೆ ಎಸೆಯಲ್ಪಡುತ್ತದೆ. ಕನ್ನಡಕ ಮತ್ತು ಧೂಳಿನ ಮಾಸ್ಕ್ ಇಲ್ಲದೆ ಅದರ ಮುಂದೆ ನಿಲ್ಲಬಾರದು. ಸಡಿಲ ತೋಳಿನ ಅಂಗಿ, ನೇತಾಡುವ ದುಪಟ್ಟಾ ಇರಬಾರದು.

ಅಲ್ಯೂಮಿನಿಯಂ ವಿಷಯದಲ್ಲಿ ಒಂದು ತೊಡಕಿದೆ. ಮಂಕಾದದ್ದು ಮೇಲಿನ ಅನೋಡೈಸ್ ಪದರ. ಅದು ತುಂಬ ಗಡಸು, ಸುಮ್ಮನೆ ಉಜ್ಜಿದರೆ ಜಗ್ಗುವುದಿಲ್ಲ. ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದರೆ ಕರಗುತ್ತದೆ. ಆದರೆ ಅದೇ ದ್ರಾವಣ ಕೆಳಗಿನ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತ ಹತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಪದರ ತೆಗೆದು ಪಾಲಿಶ್ ಮಾಡಿದ ಅಲ್ಯೂಮಿನಿಯಂ ಥಳಥಳಿಸುತ್ತದೆ ನಿಜ, ಆದರೆ ಮತ್ತೆ ಅನೋಡೈಸ್ ಮಾಡಿಸದಿದ್ದರೆ ಬೇಗನೇ ಮಂಕಾಗುತ್ತದೆ. ಈ ಕೆಲಸ ತಿಳಿದವರ ಕೈಗೇ ಇರಲಿ.

ಸತುವಿನ ಎರಕ ಎಲ್ಲಕ್ಕಿಂತ ಕಷ್ಟದ್ದು. ಬೊಕ್ಕೆ ಎದ್ದಿದೆ ಎಂದರೆ ಲೇಪದ ಕೆಳಗೆ ಸತು ಆಗಲೇ ಪುಡಿಯಾಗಿದೆ ಎಂದರ್ಥ. ಉಜ್ಜಿದರೆ ಗುಳಿ ಹೊರಬೀಳುತ್ತದೆ. ಪ್ರತಿ ಗುಳಿಯನ್ನೂ ಕೊರೆದು ಶುಚಿಗೊಳಿಸಿ, ತುಂಬಿಸಿ, ತಾಮ್ರದ ಲೇಪ ಹಾಕಿ ತೀಡಿದ ಮೇಲಷ್ಟೇ ಹೊಸ ಕ್ರೋಮ್. ಅನೇಕರು ಈ ಕೆಲಸ ಒಪ್ಪಿಕೊಳ್ಳುವುದೇ ಇಲ್ಲ.

ಹೊಸ ಕ್ರೋಮ್ ಹಾಕಿಸುವಾಗ ಆಗುವುದೇನು?

ಪಾಲಿಶ್‌ನಿಂದ ಆಗದು ಎಂದಾಗ ಉಳಿಯುವ ದಾರಿ ಮತ್ತೆ ಲೇಪನ. ಹಳೆಯ ಲೇಪ ಕಿತ್ತು, ತುಕ್ಕು ತೆಗೆದು, ಬಫಿಂಗ್ ಮಾಡಿ, ನಿಕ್ಕಲ್ ಕೂರಿಸಿ, ಕೊನೆಗೆ ಕ್ರೋಮಿಕ್ ಆಮ್ಲದ ತೊಟ್ಟಿಗೆ ಇಳಿಸುತ್ತಾರೆ. ಕಾರಿನ ಮಾಲೀಕರಿಗೆ ಕಾಣುವುದು ಕೊನೆಗೆ ಹೊರಬರುವ ಕನ್ನಡಿ ಮಾತ್ರ. ತೊಟ್ಟಿಯ ಪಕ್ಕ ನಿಂತವರ ಕಥೆ ಬೇರೆ.

ಕ್ರೋಮಿಯಮ್ಮಿಗೆ ಮೂರು ಮುಖ್ಯ ಅವತಾರಗಳಿವೆ. ಬಂಪರ್ ಮೇಲಿರುವುದು ಲೋಹರೂಪ, ಮುಟ್ಟಿದರೆ ಅಪಾಯವಿಲ್ಲ. ತ್ರಿವೇಲೆನ್ಸಿ ರೂಪ ಕಡಿಮೆ ವಿಷಕಾರಿ. ಷಡ್ವೇಲೆನ್ಸಿ ರೂಪ, ಅಂದರೆ ಆರನೇ ವೇಲೆನ್ಸಿಯ ಕ್ರೋಮಿಯಂ, ಅಪಾಯಕಾರಿ. ಸಾಂಪ್ರದಾಯಿಕ ಕ್ರೋಮ್ ತೊಟ್ಟಿಯಲ್ಲಿರುವುದು ಇದೇ. ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿದೆ.

ಕ್ರೋಮ್ ತೊಟ್ಟಿಯಲ್ಲಿ ವಿದ್ಯುತ್ತಿನ ಸಣ್ಣ ಪಾಲು ಮಾತ್ರ ಲೇಪಕ್ಕೆ ಹೋಗುತ್ತದೆ. ಹೆಚ್ಚಿನದು ನೀರನ್ನು ಒಡೆದು ಗುಳ್ಳೆ ಎಬ್ಬಿಸುತ್ತದೆ. ಆ ಗುಳ್ಳೆಗಳು ಮೇಲೆ ಬಂದು ಒಡೆಯುವಾಗ ಕ್ರೋಮಿಕ್ ಆಮ್ಲದ ಸೂಕ್ಷ್ಮ ತುಂತುರು ಗಾಳಿಗೆ ಸೇರುತ್ತದೆ. ಹೊಗೆ ಹೀರುವ ವ್ಯವಸ್ಥೆ ಇಲ್ಲದ ಕಡೆ ಅದು ನೇರ ಕೆಲಸಗಾರರ ಮೂಗಿಗೆ. ಚರ್ಮದ ಮೇಲೆ ಬೇಗ ಮಾಯದ ಹುಣ್ಣು, ಮೂಗಿನ ನಡುವಿನ ಗೋಡೆಯಲ್ಲಿ ತೂತು, ದೀರ್ಘಕಾಲದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇವೆಲ್ಲ ಈ ಕಸುಬಿನಲ್ಲಿ ವೈದ್ಯರು ಬಹುಕಾಲದಿಂದ ಗುರುತಿಸಿರುವ ರೋಗಗಳು.

ಇಲ್ಲಿ ಇನ್ನೊಂದು ನಂಬಿಕೆಯನ್ನು ಪ್ರಸ್ತಾಪಿಸಲೇಬೇಕು. ಪ್ಲೇಟಿಂಗ್, ವೆಲ್ಡಿಂಗ್ ಕೆಲಸ ಮಾಡುವವರು ಸಂಜೆ ಒಂದು ಲೋಟ ಹಾಲು ಕುಡಿದರೆ, ಒಂದು ತುಂಡು ಬೆಲ್ಲ ತಿಂದರೆ ಹೊಗೆಯ ದೋಷ ಕಳೆಯುತ್ತದೆ ಎಂಬುದು ಅದು. ಹಾಲು ಹೋಗುವುದು ಹೊಟ್ಟೆಗೆ, ತುಂತುರು ಹೋಗುವುದು ಶ್ವಾಸಕೋಶಕ್ಕೆ. ಎರಡೂ ದಾರಿ ಬೇರೆ. ಹಾಲು ಒಳ್ಳೆಯ ಆಹಾರ, ಮಾಸ್ಕ್ ಅಲ್ಲ. ತೊಟ್ಟಿಯ ಅಂಚಿನಲ್ಲಿ ಹೊಗೆ ಹೀರುವ ಫ್ಯಾನು, ತುಂತುರು ತಡೆಯುವ ರಾಸಾಯನಿಕ, ಸರಿಯಾದ ಉಸಿರಾಟದ ಮುಖವಾಡ, ಕೈಗವಸು ಇವು ರಕ್ಷಣೆ. ಹಾಲಿನ ಲೋಟ ಕೊಟ್ಟು ಫ್ಯಾನಿನ ಖರ್ಚು ಉಳಿಸುವ ಮಾಲೀಕನಿಗೆ ಈ ನಂಬಿಕೆ ಅನುಕೂಲ, ಕೆಲಸಗಾರನಿಗಲ್ಲ.

ತೊಟ್ಟಿ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು ಎಂದು ಭಾರತದ ಮಾನಕ ಹೇಳುತ್ತದೆ. ನೂರಾರು ಸಣ್ಣ ಕಾರ್ಖಾನೆಗಳು ಒತ್ತಾಗಿರುವ ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರುವುದು ದಾಖಲಾಗಿದೆ. ಅಲ್ಲಿ ಲೋಹಲೇಪನ ಘಟಕಗಳು ದೊಡ್ಡ ಸಂಖ್ಯೆಯಲ್ಲಿವೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಮುಚ್ಚಿಹೋದ ಕ್ರೋಮೇಟ್ ಕಾರ್ಖಾನೆಯ ತ್ಯಾಜ್ಯದ ರಾಶಿ ಸುತ್ತಲಿನ ಮಣ್ಣು, ನೀರನ್ನು ಕೆಡಿಸಿದೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ತ್ಯಾಜ್ಯ ನೀರನ್ನು ಆಮ್ಲೀಯಗೊಳಿಸಿ, ಫೆರಸ್ ಸಲ್ಫೇಟ್ ಅಥವಾ ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿದರೆ ಆರನೇ ವೇಲೆನ್ಸಿಯ ಕ್ರೋಮಿಯಂ ಮೂರಕ್ಕೆ ಇಳಿಯುತ್ತದೆ. ಬಳಿಕ ಸುಣ್ಣ ಹಾಕಿದರೆ ಕೆಸರಾಗಿ ಕೆಳಗೆ ಕೂರುತ್ತದೆ. ಆ ಕೆಸರನ್ನು ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಬೇಕು. ಇದಕ್ಕೆ ಖರ್ಚಿದೆ. ಶೆಡ್ಡಿನ ಹಿಂದಿನ ಮೋರಿಗೆ ಖರ್ಚಿಲ್ಲ. ಅತಿ ಅಗ್ಗದ ದರ ಕೇಳಿದಾಗ ಆ ವ್ಯತ್ಯಾಸವನ್ನು ಯಾರು ಕಟ್ಟುತ್ತಿದ್ದಾರೆ ಎಂದು ಯೋಚಿಸಬೇಕಾದದ್ದು ಇಲ್ಲಿ.

ತ್ರಿವೇಲೆನ್ಸಿ ಕ್ರೋಮಿಯಂ ತೊಟ್ಟಿಯಲ್ಲಿ ಲೇಪ ಹಾಕುವ ವಿಧಾನ 1970ರ ದಶಕದಿಂದಲೂ ಇದೆ. ಬಣ್ಣ ಕೊಂಚ ಗಾಢ ಎಂಬುದು ಹಳೆಯ ಕಾರಿನ ಅಭಿಮಾನಿಗಳ ದೂರು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಅಲಂಕಾರದ ಲೇಪನಕ್ಕೆ ಷಡ್ವೇಲೆನ್ಸಿ ಕ್ರೋಮ್ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ನಿಯಮವನ್ನು 2023ರಲ್ಲಿ ಒಪ್ಪಿಕೊಂಡಿತು. ಮುಂದಿನ ದಿನಗಳಲ್ಲಿ ಹೊಳಪಿನ ಬಣ್ಣ ಸ್ವಲ್ಪ ಬದಲಾಗಬಹುದು.

ಹಾಗಾದರೆ ಮನೆಯ ಕಾರಿನ ಕ್ರೋಮ್ ಅಪಾಯವೇ?

ಅಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಬಂಪರ್ ಮುಟ್ಟಿದರೆ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕ್ಯಾನ್ಸರ್ ಬರುವುದಿಲ್ಲ. ಅಲ್ಲಿರುವುದು ಲೋಹರೂಪದ ಕ್ರೋಮಿಯಂ. ನಿಕ್ಕಲ್ ಅಲರ್ಜಿ ಇರುವವರಿಗೆ ಮಾತ್ರ, ಕ್ರೋಮ್ ಸವೆದ ಭಾಗವನ್ನು ಮತ್ತೆ ಮತ್ತೆ ಮುಟ್ಟಿದಾಗ ಚರ್ಮ ತುರಿಸಬಹುದು. ಕೈಗವಸು ಹಾಕಿದರೆ ಸಾಕು. ಅಪಾಯ ಇರುವುದು ಲೇಪ ಹಾಕುವ, ಕಿತ್ತುವ ರಾಸಾಯನಿಕಗಳಲ್ಲಿ, ಕ್ರೋಮ್ ಅಥವಾ ಸ್ಟೇನ್‌ಲೆಸ್ ಭಾಗಗಳಿಗೆ ವೆಲ್ಡಿಂಗ್ ಮಾಡುವಾಗ ಏಳುವ ಹೊಗೆಯಲ್ಲಿ. ಇಂಟರ್ನೆಟ್ಟಿನಲ್ಲಿ ಪುಡಿ ತರಿಸಿ ಮನೆಯ ಹಿತ್ತಲಲ್ಲಿ ಕ್ರೋಮ್ ಪ್ಲೇಟಿಂಗ್ ಮಾಡುವ ವಿಡಿಯೊಗಳನ್ನು ನೋಡಿ ಪ್ರಯತ್ನಿಸಬೇಡಿ.

ಮನೆಯಲ್ಲಿ ಮಾಡಬಹುದಾದದ್ದು

ಮೊದಲು ನೀರು, ಸೌಮ್ಯ ಶಾಂಪೂ. ಮಣ್ಣಿನ ಕಣ ಉಳಿದಿರುವಾಗ ಉಜ್ಜಿದರೆ ಅದೇ ಸ್ಯಾಂಡ್‌ಪೇಪರ್ ಆಗುತ್ತದೆ. ಕಂದು ಚುಕ್ಕೆಗಳಿಗೆ ನೀರಿನಲ್ಲಿ ಅದ್ದಿದ ಫಾಯಿಲ್, ಹಗುರ ಕೈ. ಆಮೇಲೆ ಲೋಹಕ್ಕೆಂದೇ ಮಾಡಿದ ನಯವಾದ ಪಾಲಿಶ್, ಅದೂ ವರ್ಷಕ್ಕೊಮ್ಮೆ ಎರಡು ಬಾರಿ ಮಾತ್ರ. ಪೂರ್ತಿ ಒಣಗಿದ ಮೇಲೆ ಮೇಣದ ತೆಳು ಪದರ. ಈ ಮೇಣವೇ ನಿಜವಾದ ಮದ್ದು. ರಂಧ್ರಕ್ಕೆ ನೀರು ಇಳಿಯದಂತೆ ತಡೆಯುವುದು ಅದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹಚ್ಚಿ.

ಬಂಪರಿನ ಹಿಂಬದಿಯನ್ನು ಮರೆಯಬೇಡಿ. ಲೇಪ ತೆಳುವಾಗಿರುವುದು, ಕೆಸರು ಕೂರುವುದು ಅಲ್ಲೇ. ತುಕ್ಕು ಕೆರೆದು, ಪ್ರೈಮರ್ ಮತ್ತು ಬಣ್ಣ ಹಚ್ಚಿದರೆ ಮುಂಬದಿಯ ಆಯುಸ್ಸೂ ಹೆಚ್ಚುತ್ತದೆ. ಆಯುಧಪೂಜೆಯ ಕುಂಕುಮ, ವಿಭೂತಿ, ನಿಂಬೆಯ ರಸ, ಹೂವಿನ ತೇವ ಲೋಹದ ಮೇಲೆ ವಾರಗಟ್ಟಲೆ ಉಳಿಯದಂತೆ, ಪೂಜೆ ಮುಗಿದ ಮರುದಿನ ನೀರಿನಲ್ಲಿ ತೊಳೆದು ಒರೆಸಿ. ಕಾರಿಗೆ ಹೊದಿಕೆ ಹಾಕುವುದಾದರೆ ಗಾಳಿಯಾಡುವ ಬಟ್ಟೆಯದ್ದು ಇರಲಿ. ಪ್ಲಾಸ್ಟಿಕ್ ಹೊದಿಕೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾ, ಯೆಜ್ದಿ ಬೈಕುಗಳ ಕ್ರೋಮ್ ಭಾಗಗಳಿಗೂ ಇದೇ ನಿಯಮ.

ಹೊಸ ಲೇಪ ಹಾಕಿಸಲೇಬೇಕಾದರೆ ದರದ ಜೊತೆ ಮೂರು ಪ್ರಶ್ನೆ ಕೇಳಿ. ತೊಳೆದ ನೀರನ್ನು ಏನು ಮಾಡುತ್ತೀರಿ? ತೊಟ್ಟಿಯ ಮೇಲೆ ಹೊಗೆ ಹೀರುವ ವ್ಯವಸ್ಥೆ ಇದೆಯೇ? ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇದೆಯೇ? ಉತ್ತರ ಕೊಡಲು ಹಿಂಜರಿಯುವ ಅಂಗಡಿಯಿಂದ ಬಂಪರನ್ನು ವಾಪಸ್ ತರುವುದು ಒಳ್ಳೆಯದು.

ಇನ್ನೊಂದು ದಾರಿಯೂ ಇದೆ, ಹಾಗೇ ಬಿಡುವುದು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಪದ್ಮಿನಿಯದ್ದು ಅದಕ್ಕೂ ಮೊದಲೇ. ಇನ್ನು ಮುಂದೆ ಕಾರ್ಖಾನೆಯ ಮೂಲ ಲೇಪ ಯಾರಿಗೂ ಹೊಸದಾಗಿ ಸಿಗುವುದಿಲ್ಲ. ಒಂದೆರಡು ಚುಕ್ಕೆಗಳಿರುವ ಮೂಲ ಬಂಪರಿಗೆ ಮೇಣ ಹಚ್ಚಿ ಕಾಪಾಡುವುದೂ ಪುನಶ್ಚೇತನವೇ. ಮಾವನ ಪದ್ಮಿನಿಯ ನಾಲ್ಕು ಕಪ್ಪುಗಳಲ್ಲಿ ಎರಡನ್ನು ನಾವು ಹಾಳು ಮಾಡಿದೆವು. ಆ್ಯಸಿಡ್ ತಾಕದೆ ಉಳಿದ ಎರಡರಲ್ಲಿ ಕಂದು ಚುಕ್ಕೆಗಳು ಇನ್ನೂ ಇವೆ, ನೀಲಿ ಹೊಳಪೂ ಇದೆ. ಪ್ರತಿ ಆಯುಧಪೂಜೆಗೆ ಮಾವ ಅವನ್ನು ತಾವೇ ಒರೆಸುತ್ತಾರೆ. ನಮ್ಮ ಕೈಗೆ ಬಟ್ಟೆ ಕೊಡುವುದಿಲ್ಲ.